ಬೇಸಿಗೆಯ ಕರಕುಶಲ ಮೇಳ: ಕೈಕೆಲಸವನ್ನು ಗುರುತಿಸುವ ಹಾಗೂ ಬೆಲೆಯನ್ನು ಅರಿಯುವ ಬಗೆ

ಬೇಸಿಗೆ ರಜೆಯ ಅವಧಿಯಲ್ಲಿ ರಾಜ್ಯದ ನಗರ ಹಾಗೂ ಪಟ್ಟಣಗಳಲ್ಲಿ ಕರಕುಶಲ ಮತ್ತು ಕೈಮಗ್ಗ ಮೇಳಗಳು ಏರ್ಪಡುತ್ತವೆ. ವರ್ಷದ ಉಳಿದ ದಿನಗಳಲ್ಲಿ ವ್ಯಾಪಾರಿಗಳ ಮೂಲಕವೇ ಗ್ರಾಹಕರನ್ನು ತಲುಪುವ ಅನೇಕ ಕುಶಲಕರ್ಮಿಗಳು ಇಂತಹ ಮೇಳಗಳಲ್ಲಿ ತಾವೇ ಮಳಿಗೆಯಲ್ಲಿ ಕುಳಿತು ತಮ್ಮ ವಸ್ತುಗಳನ್ನು ಮಾರಾಟ ಮಾಡುತ್ತಾರೆ. ವಸ್ತುವನ್ನು ತಯಾರಿಸಿದವರನ್ನೇ ಕಂಡು, ಅದು ಹೇಗೆ ರೂಪುಗೊಂಡಿತೆಂದು ಕೇಳಿ ತಿಳಿಯುವ ಅವಕಾಶ ಸಾಮಾನ್ಯ ಅಂಗಡಿಗಳಲ್ಲಿ ದೊರೆಯುವುದು ವಿರಳ.

ಆದರೆ ಇದೇ ಮೇಳಗಳಲ್ಲಿ ಯಂತ್ರದಿಂದ ತಯಾರಾದ, ನೋಟಕ್ಕೆ ಹೋಲುವ ವಸ್ತುಗಳೂ ಪಕ್ಕದಲ್ಲಿಯೇ ಮಾರಾಟಕ್ಕಿರಬಹುದು. ವ್ಯತ್ಯಾಸ ತಿಳಿಯದ ಗ್ರಾಹಕರು ಬೆಲೆಯೊಂದನ್ನೇ ಹೋಲಿಸಿದಾಗ ಕೈಕೆಲಸವು ದುಬಾರಿಯೆಂದು ತೋರುವುದು ಸಹಜ. ಈ ಹಿನ್ನೆಲೆಯಲ್ಲಿ ಕೆಲವು ಪ್ರಮುಖ ಕಲೆಗಳ ತಯಾರಿಕಾ ವಿಧಾನ, ಗುರುತಿಸುವ ಕ್ರಮ ಹಾಗೂ ಬೆಲೆಯ ಸ್ವರೂಪವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಪ್ರಮುಖ ಕಲೆಗಳು ಮತ್ತು ಅವುಗಳ ಲಕ್ಷಣಗಳು

1. ಬಿದರಿ ಕಲೆ: ಸತುವು ಅಧಿಕವಾಗಿದ್ದು ಅಲ್ಪ ಪ್ರಮಾಣದಲ್ಲಿ ತಾಮ್ರ ಬೆರೆತ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು, ನಯಗೊಳಿಸಿ, ಉಳಿಯಿಂದ ಚಿತ್ತಾರ ಕೊರೆಯಲಾಗುತ್ತದೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಲಾಗುತ್ತದೆ. ಅನಂತರ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿದ ಬಿಸಿ ದ್ರಾವಣವನ್ನು ಬಳಸಿದಾಗ ಲೋಹವು ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ತನ್ನ ಹೊಳಪನ್ನು ಉಳಿಸಿಕೊಳ್ಳುತ್ತದೆ. ಬೆಳ್ಳಿಯು ಲೋಹದ ಒಳಗೆ ಕುಳಿತಿರುವುದರಿಂದ ಬೆರಳಾಡಿಸಿದಾಗ ಮೇಲ್ಮೈ ಸಮತಟ್ಟಾಗಿರುತ್ತದೆ. ಮೇಲೆ ಬಳಿದ ಬಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ ಆಗಿದೆ. ಬೀದರ್‌ನ ಹಿರಿಯ ಕಲಾವಿದರಾದ ಶ್ರೀ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿದೆ.

2. ಚನ್ನಪಟ್ಟಣದ ಆಟಿಕೆಗಳು: ಸಾಂಪ್ರದಾಯಿಕವಾಗಿ ಹಾಲೆ ಮರವನ್ನು ಒಣಗಿಸಿ, ಚರಕಿ ಯಂತ್ರದಲ್ಲಿ ತಿರುಗಿಸುತ್ತಾ ಉಳಿಯಿಂದ ಆಕಾರ ನೀಡಲಾಗುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಈ ಕಾರಣದಿಂದ ಬಣ್ಣವು ವಸ್ತುವಿನ ಸುತ್ತ ಬಳೆಯಂತೆ ಸಮನಾಗಿ ಹರಡಿರುತ್ತದೆ ಮತ್ತು ಅದರಲ್ಲಿ ಕುಂಚದ ಗೆರೆಗಳು ಕಾಣುವುದಿಲ್ಲ.

3. ಕಿನ್ನಾಳ ಕಲೆ: ಕೊಪ್ಪಳ ಜಿಲ್ಲೆಯ ಕಿನ್ನಾಳ ಗ್ರಾಮದ ಚಿತ್ರಗಾರ ಕುಟುಂಬಗಳು ಹಗುರವಾದ ಮರದಲ್ಲಿ ದೇವರ ಮೂರ್ತಿ, ವಾಹನ ಹಾಗೂ ಗೊಂಬೆಗಳನ್ನು ತಯಾರಿಸುತ್ತವೆ. ಮರದ ಭಾಗಗಳನ್ನು ಜೋಡಿಸಲು ಹುಣಸೆ ಬೀಜದ ಅಂಟು ಬಳಕೆಯಲ್ಲಿದೆ. ಆಭರಣಗಳ ಉಬ್ಬು ಕೆಲಸ ಹಾಗೂ ಗಾಢ ವರ್ಣಗಳು ಈ ಗೊಂಬೆಗಳ ವೈಶಿಷ್ಟ್ಯ.

4. ಕಸೂತಿ: ಧಾರವಾಡ ಭಾಗದ ಈ ಸೂಜಿ ಕೆಲಸದಲ್ಲಿ ಗವಂತಿ, ಮುರ್ಗಿ, ನೇಗಿ ಮತ್ತು ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಮುಂತಾದ ವಿನ್ಯಾಸಗಳನ್ನು ಮೂಡಿಸುವುದು ಪದ್ಧತಿ. ಖರೀದಿಸುವ ಮುನ್ನ ಬಟ್ಟೆಯ ಹಿಂಬದಿಯನ್ನು ತಪ್ಪದೆ ಪರಿಶೀಲಿಸುವುದು ಸೂಕ್ತ. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ, ಗಂಟುಗಳು ಇರುವುದಿಲ್ಲ.

5. ಮೈಸೂರು ಸಾಂಪ್ರದಾಯಿಕ ಚಿತ್ರಕಲೆ: ಮುಮ್ಮಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ಪ್ರವರ್ಧಮಾನಕ್ಕೆ ಬಂದ ಈ ಶೈಲಿಯಲ್ಲಿ ಆಭರಣ, ಅಂಚು ಹಾಗೂ ಕಮಾನುಗಳಿಗೆ ತೆಳುವಾದ ಉಬ್ಬು ಕೆಲಸ ಮಾಡಿ ಅದರ ಮೇಲೆ ಚಿನ್ನದ ಹಾಳೆಯನ್ನು ಅಂಟಿಸಲಾಗುತ್ತದೆ. ಚಿತ್ರವನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಮುದ್ರಿತ ಪ್ರತಿಯಲ್ಲಿ ಅದು ಕಾಣುವುದಿಲ್ಲ.

ಅಧಿಕೃತ ಗುರುತುಗಳು

ಮೇಲಿನ ಐದೂ ಕಲೆಗಳು ಭೌಗೋಳಿಕ ಗುರುತು (ಜಿ.ಐ.) ನೋಂದಣಿ ಪಡೆದಿವೆ. ಇದಕ್ಕೆ ಸಂಬಂಧಿಸಿದ 1999ರ ಕೇಂದ್ರ ಕಾಯ್ದೆಯು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ನೋಂದಣಿಯ ಅವಧಿ 10 ವರ್ಷಗಳಾಗಿದ್ದು, ಅದನ್ನು ನವೀಕರಿಸಬಹುದಾಗಿದೆ. ಈ ನೋಂದಣಿಯು ಒಂದು ಪ್ರದೇಶದ ಹೆಸರು ದುರ್ಬಳಕೆಯಾಗದಂತೆ ಕಾನೂನಿನ ರಕ್ಷಣೆ ನೀಡುತ್ತದೆ. ಆದರೆ ಮಳಿಗೆಯಲ್ಲಿರುವ ಪ್ರತಿಯೊಂದು ವಸ್ತುವೂ ನೈಜವೆಂಬುದಕ್ಕೆ ಫಲಕದ ಮೇಲಿನ ಊರಿನ ಹೆಸರೊಂದೇ ಸಾಕ್ಷಿಯಾಗುವುದಿಲ್ಲ. ಜವಳಿಗೆ ಸಂಬಂಧಿಸಿದಂತೆ, ರೇಷ್ಮೆಯ ಶುದ್ಧತೆಗಾಗಿ 2004ರಲ್ಲಿ ಸಿಲ್ಕ್ ಮಾರ್ಕ್ ಹಾಗೂ ಕೈಮಗ್ಗದ ಬಟ್ಟೆಗಾಗಿ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಜಾರಿಗೆ ಬಂದಿವೆ. ಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯವು ಪೆಹಚಾನ್ ಹೆಸರಿನ ಗುರುತಿನ ಚೀಟಿಯನ್ನು ನೀಡುತ್ತದೆ.

ಬೆಲೆಯಲ್ಲಿ ಏನೇನು ಸೇರಿರುತ್ತದೆ?

ಮೇಳಗಳಲ್ಲಿ ಚೌಕಾಸಿ ಮಾಡುವುದು ರೂಢಿಯಲ್ಲಿದೆ. ಕಡಿತಗೊಂಡ ಮೊತ್ತವು ಯಾರ ಪಾಲಿನಿಂದ ಹೋಗುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದ ಮೂಲಕ ತಿಳಿಯಬಹುದು. ಒಂದು ವಸ್ತುವಿನ ಬೆಲೆ 2,000 ರೂ. ಎಂದಿಟ್ಟುಕೊಳ್ಳೋಣ. ಇದರಲ್ಲಿ ಕಚ್ಚಾ ಸಾಮಗ್ರಿಗೆ 700 ರೂ., ಪ್ರಯಾಣ, ಸಾಗಣೆ ಮತ್ತು ಇತರ ವೆಚ್ಚಕ್ಕೆ 300 ರೂ. ತಗಲಿದೆ. ಉಳಿದ 1,000 ರೂ. ನಾಲ್ಕು ದಿನಗಳ ದುಡಿಮೆಯ ಪ್ರತಿಫಲ, ಅಂದರೆ ದಿನಕ್ಕೆ 250 ರೂ. ಗ್ರಾಹಕರು ಶೇ. 20ರಂತೆ 400 ರೂ. ಕಡಿಮೆ ಮಾಡಿಸಿದರೆ, ಸಾಮಗ್ರಿಯ ಬೆಲೆಯಾಗಲೀ ಸಾಗಣೆಯ ವೆಚ್ಚವಾಗಲೀ ಇಳಿಯುವುದಿಲ್ಲ. ಪೂರ್ತಿ 400 ರೂ. ದುಡಿಮೆಯ ಪಾಲಿನಿಂದಲೇ ಹೋಗಿ, ದಿನದ ಗಳಿಕೆ 150 ರೂ.ಗಳಿಗೆ ಇಳಿಯುತ್ತದೆ. ಗ್ರಾಹಕರಿಗೆ ಶೇ. 20ರ ಉಳಿತಾಯವಾದರೆ ಕುಶಲಕರ್ಮಿಯ ಗಳಿಕೆಯಲ್ಲಿ ಶೇ. 40ರಷ್ಟು ಕಡಿತವಾಗುತ್ತದೆ.

ಹಣದ ಮಿತಿ ಇರುವವರು ದೊಡ್ಡ ವಸ್ತುವಿನ ಬೆಲೆಯನ್ನು ಇಳಿಸುವುದಕ್ಕಿಂತ ಅದೇ ಕೈಯ ಚಿಕ್ಕ ವಸ್ತುವನ್ನು ಕೊಳ್ಳುವುದು ಇಬ್ಬರಿಗೂ ಹಿತಕರ.

ಸಂದರ್ಶಕರು ಗಮನಿಸಬೇಕಾದ ಅಂಶಗಳು

1. ಮೊದಲು ಎಲ್ಲ ಮಳಿಗೆಗಳನ್ನು ಒಮ್ಮೆ ನೋಡಿ, ಅನಂತರ ಖರೀದಿಗೆ ತೊಡಗುವುದು ಉತ್ತಮ.
2. ವಸ್ತುವನ್ನು ಯಾರು, ಎಲ್ಲಿ ತಯಾರಿಸಿದರು, ಎಷ್ಟು ದಿನ ಹಿಡಿಯಿತು ಎಂದು ವಿಚಾರಿಸಬೇಕು. ತಯಾರಿಸಿದವರಿಂದ ಈ ಪ್ರಶ್ನೆಗಳಿಗೆ ವಿವರವಾದ ಉತ್ತರ ದೊರೆಯುತ್ತದೆ.
3. ಪ್ರಾತ್ಯಕ್ಷಿಕೆ ಏರ್ಪಡಿಸಿದ್ದಲ್ಲಿ ಮಕ್ಕಳೊಂದಿಗೆ ಕುಳಿತು ನೋಡಬೇಕು. ಕೈಕೆಲಸದ ಶ್ರಮ ಕಣ್ಣಾರೆ ಕಂಡಾಗ ಮಾತ್ರ ಮನವರಿಕೆಯಾಗುತ್ತದೆ.
4. ವಿನ್ಯಾಸಗಳ ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಪಡೆಯಬೇಕು. ನಕಲು ತಯಾರಿಕೆಗೆ ಅನೇಕ ವೇಳೆ ಇಂತಹ ಚಿತ್ರಗಳೇ ಆಧಾರವಾಗಬಹುದು.
5. ಖರೀದಿಗೆ ರಸೀದಿ ಪಡೆಯಬೇಕು. ಬೇಡಿಕೆಯ ಮೇರೆಗೆ ತಯಾರಿಸಿಕೊಡುವಂತೆ ಮುಂಗಡ ನೀಡುವುದಾದರೆ ಅಳತೆ, ಬೆಲೆ ಮತ್ತು ದಿನಾಂಕವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.
6. ಇಷ್ಟವಾದ ಕಲಾವಿದರ ಹೆಸರು ಮತ್ತು ಊರನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಬೇಕು. ಮೇಳ ಮುಗಿದ ನಂತರವೂ ಅವರಿಂದಲೇ ನೇರವಾಗಿ ಖರೀದಿಸಲು ಇದು ನೆರವಾಗುತ್ತದೆ.

ಮೇಳವು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ನಡೆಯುವ ವ್ಯಾಪಾರವನ್ನು ಆಧರಿಸಿಯೇ ಅನೇಕ ಕುಟುಂಬಗಳು ಮುಂದಿನ ತಿಂಗಳುಗಳ ಸಾಮಗ್ರಿಯನ್ನು ಕೊಳ್ಳುತ್ತವೆ ಹಾಗೂ ಮನೆಯ ಮಕ್ಕಳು ಈ ಕಸುಬನ್ನು ಮುಂದುವರಿಸಬೇಕೇ ಎಂಬುದನ್ನು ನಿರ್ಧರಿಸುತ್ತವೆ. ಆದ್ದರಿಂದ ಸಾರ್ವಜನಿಕರು ತಮ್ಮ ಊರಿನಲ್ಲಿ ನಡೆಯುವ ಮೇಳಗಳಿಗೆ ಕುಟುಂಬ ಸಮೇತರಾಗಿ ಭೇಟಿ ನೀಡಿ, ಕೈಕೆಲಸವನ್ನು ಗುರುತಿಸಿ, ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ನೀಡಿ ಪ್ರೋತ್ಸಾಹಿಸಬೇಕೆಂದು ಕೋರಲಾಗಿದೆ.