ಮಡಿಕೇರಿಯ ಹೂ, ಕೊಪ್ಪದ ಅಂಗಳ

ಪ್ರಶ್ನೆ: ಮಡಿಕೇರಿಯಲ್ಲಿ ಗೊಂಚಲು ಗೊಂಚಲಾಗಿ ಅರಳುವ ಹೈಡ್ರೇಂಜಿಯಾ ಪಿರಿಯಾಪಟ್ಟಣದ ಕೊಪ್ಪದಲ್ಲಿ ಏಕೆ ಬಾಡುತ್ತದೆ?

ಉತ್ತರ: ನಡುವಿನ ದಾರಿ 30 ಚಿಲ್ಲರೆ ಕಿಲೋಮೀಟರ್ ಅಷ್ಟೇ, ಹವೆ ಮಾತ್ರ ಪೂರಾ ಬೇರೆ. ಮುಂಗಾರಿನ ಮೋಡಗಳು ಘಟ್ಟದ ಮೇಲೆಯೇ ಬಹುಪಾಲು ಸುರಿದು, ಕಾವೇರಿ ದಾಟುವಷ್ಟರಲ್ಲಿ ಹಗುರಾಗಿರುತ್ತವೆ. ಮಡಿಕೇರಿ ಕೊಪ್ಪಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲೂ ಇದೆ. ಹೈಡ್ರೇಂಜಿಯಾದ ಅಗಲ ಎಲೆಗಳಿಗೆ ತಂಪು, ತೇವ ಎರಡೂ ಬೇಕು. ಕೊಪ್ಪದ ಮಾರ್ಚ್ ಬಿಸಿಲಿಗೆ ಅವು ಮಧ್ಯಾಹ್ನವೇ ಜೋತುಬೀಳುತ್ತವೆ.

ಹೊಗೆಸೊಪ್ಪು ಬೆಳೆಯುವ ಈ ಸೀಮೆಯ ಕೆಂಪು ಮಣ್ಣಿಗೆ ದಾಸವಾಳ, ನಂದಿಬಟ್ಟಲು, ಕಾಕಡ, ಕಾಗದದ ಹೂ ಚೆನ್ನಾಗಿ ಒಗ್ಗುತ್ತವೆ. ಕಣಗಿಲೆಯೂ ಚೆಂದವೇ, ಆದರೆ ಗಿಡವೆಲ್ಲ ವಿಷ. ದನ, ಮಕ್ಕಳು ಓಡಾಡುವಲ್ಲಿ ಖಂಡಿತ ಬೇಡ.

ಹೈಡ್ರೇಂಜಿಯಾ ಮೇಲೆಯೇ ಮನಸ್ಸಿದ್ದರೆ ಕುಂಡದಲ್ಲಿ ನೆಟ್ಟು ಪೂರ್ವದ ಜಗಲಿಯ ನೆರಳಲ್ಲಿಡಬಹುದು. ಉಳಿದವನ್ನು ಜೂನ್ ಮಳೆ ಹಿಡಿದಾಗ ನೆಟ್ಟರೆ ಬೇರು ಬೇಗ ಊರುತ್ತದೆ.