ಹಾಲಿನ ಲೆಕ್ಕ ಇಡ್ತೀರಿ, ಮೊಬೈಲ್ ಲೆಕ್ಕ?

‘ಮೂರು ದಿನದಿಂದ ಯಾರಿಗೆ ಫೋನ್ ಮಾಡಿದ್ರೂ ಹೋಗ್ತಾನೇ ಇಲ್ಲ ಕಣಮ್ಮ. ಫೋನೇ ಕೆಟ್ಟೋಗೈತೆ ಅಂದ್ಕೊಂಡು ಸುಮ್ನಾದೆ...’

ತಿಪಟೂರಿನಲ್ಲಿ ಒಬ್ಬರೇ ಇರುವ ಅತ್ತೆ ಹೀಗೆಂದಾಗ ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಅವರ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದೂ ಮೂರು ದಿನವಾಗಿತ್ತು! ಮಗನಿಗೆ ಹೇಳೋಣವೆಂದರೆ ಕರೆ ಹೋಗುತ್ತಿಲ್ಲ. ಪಕ್ಕದ ಮನೆಯವರನ್ನು ಕೇಳಲು ಸಂಕೋಚ. ನಾವಾಗಿ ಫೋನ್ ಮಾಡಿದ್ದು ತಿಂಗಳ 31ನೇ ತಾರೀಕು ಸಂಜೆ. ಆ ಹೊತ್ತಿಗೆ ಅವರ ದನಿಯೇ ಸೋತುಹೋಗಿತ್ತು.

‘ಒಂದನೇ ತಾರೀಕು ತಾನೇ ಕರೆನ್ಸಿ ಹಾಕಿದ್ದೆ, ತಿಂಗಳು ಮುಗಿಯೋ ತನಕ ಇರಬೇಕಲ್ವಾ?’ ಅಂತ ನಮ್ಮನೆಯವರ ವಾದ. ಎಡವಿದ್ದು ಅಲ್ಲೇ. ಅದು 28 ದಿನದ ಪ್ಲಾನ್. 28ರ ರಾತ್ರಿಗೇ ಮುಗಿದಿತ್ತು!

ಹಾಲಿನವನು ಯಾವ ದಿನ ಬರಲಿಲ್ಲ, ಸಿಲಿಂಡರ್ ಯಾವತ್ತು ಹಚ್ಚಿದ್ದು ಎಲ್ಲವನ್ನೂ ಕ್ಯಾಲೆಂಡರ್ ಮೇಲೆ ಬರೆದಿಡುವವರು ನಾವು. ಆದರೆ ಮೊಬೈಲ್ ವಿಷಯ ಬಂದರೆ ಮಾತ್ರ, ‘ಅದೆಲ್ಲಾ ನಮ್ಮೆಜಮಾನ್ರಿಗೆ ಗೊತ್ತು’, ‘ಮಗ ಹಾಕಿಸ್ತಾನೆ’ ಎಂದುಬಿಡುತ್ತೇವೆ. ಈ ಲೆಕ್ಕ ನೋಡಲು ಕಂಪ್ಯೂಟರ್ ಕಲಿತಿರಬೇಕಿಲ್ಲ. ಹತ್ತು ನಿಮಿಷ ಬಿಡುವು ಮಾಡಿಕೊಂಡರೆ ಸಾಕು.

ಮೊದಲು ಆಪ್ ಹಾಕಿಕೊಳ್ಳಿ

ನಿಮ್ಮ ಸಿಮ್ ಯಾವ ಕಂಪನಿಯದೋ ಆ ಕಂಪನಿಯದೇ ಆಪ್ ಇರುತ್ತದೆ. ಜಿಯೋದವರಿಗೆ ಮೈಜಿಯೋ, ಬಿಎಸ್ಎನ್ಎಲ್‌ನವರಿಗೆ ಸೆಲ್ಫ್‌ಕೇರ್. ಏರ್‌ಟೆಲ್, ವಿಐ ಕಂಪನಿಗಳಿಗೂ ತಮ್ಮವೇ ಆಪ್‌ಗಳಿವೆ. ಎಲ್ಲವೂ ಉಚಿತ.

* ಪ್ಲೇ ಸ್ಟೋರ್‌ಗೆ ಹೋಗಿ ನೀವೇ ಹುಡುಕಿ. ಹೆಸರಿನ ಕೆಳಗೆ ಆಪ್ ಮಾಡಿದವರು ಯಾರೆಂದು ಬರೆದಿರುತ್ತದೆ. ಅಲ್ಲಿ ನಿಮ್ಮ ಕಂಪನಿಯ ಹೆಸರೇ ಇದೆಯಾ ನೋಡಿ. ‘ಉಚಿತ ರೀಚಾರ್ಜ್’ ಅಂತ ವಾಟ್ಸ್ಆಪ್‌ನಲ್ಲಿ ಬರುವ ಲಿಂಕ್ ಒತ್ತಲೇಬೇಡಿ.

* ಆಪ್ ತೆರೆದು ನಿಮ್ಮ ನಂಬರ್ ಕೊಟ್ಟರೆ ಆ ನಂಬರಿಗೆ ಒಂದು ಒಟಿಪಿ ಬರುತ್ತದೆ. ಅದನ್ನು ಹಾಕಿದರೆ ಒಳಗೆ ಹೋದಂತೆ.

* ‘ಕಾಂಟ್ಯಾಕ್ಟ್ಸ್ ನೋಡಲಾ? ಲೊಕೇಶನ್ ನೋಡಲಾ?’ ಎಂದು ಆಪ್ ಕೇಳಬಹುದು. ಎಲ್ಲಕ್ಕೂ ಹೂಂ ಎನ್ನಬೇಕಿಲ್ಲ. ಬ್ಯಾಲೆನ್ಸ್ ನೋಡಲು ಅವೆಲ್ಲಾ ಯಾಕೆ ಬೇಕು ಹೇಳಿ?

* ಇಂಗ್ಲಿಷ್ ಕಷ್ಟವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸುವ ಜಾಗ ಹುಡುಕಿ. ಕೆಲವು ಆಪ್‌ಗಳಲ್ಲಿ ಕನ್ನಡವೂ ಇದೆ.

ನೋಡಬೇಕಾದ್ದು ಮೂರೇ

ಆಪ್ ತೆರೆದೊಡನೆ ಸಿನಿಮಾ, ಆಟ, ಆಫರ್ ಅಂತ ಜಾತ್ರೆಯೇ ಕಾಣುತ್ತದೆ. ಗಾಬರಿಯಾಗಬೇಡಿ. ನಿಮಗೆ ಬೇಕಾದ್ದು ಮೂರೇ ಮೂರು.

ಒಂದು, ವ್ಯಾಲಿಡಿಟಿ ಮುಗಿಯುವ ತಾರೀಕು. ಇದನ್ನು ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೇ ಬರೆದುಬಿಡಿ. ಎರಡು ದಿನ ಮೊದಲೇ ನೆನಪಿಸುವಂತೆ ಮೊಬೈಲ್‌ನಲ್ಲಿ ರಿಮೈಂಡರ್ ಕೂಡ ಇಡಿ. ಪ್ಲಾನ್ ಮುಗಿದರೆ ನಾವು ಮಾಡುವ ಕರೆ ನಿಲ್ಲುತ್ತದೆ. ಹಾಗೇ ಬಿಟ್ಟರೆ ಕೆಲ ದಿನಗಳಲ್ಲಿ ಬರುವ ಕರೆಯೂ ನಿಲ್ಲುತ್ತದೆ. ಆಮೇಲೆ ಬ್ಯಾಂಕಿನ ಒಟಿಪಿಯೂ ಬಾರದೆ ಪರದಾಡಬೇಕಾಗುತ್ತದೆ.

ಎರಡು, ಇವತ್ತಿನ ನೆಟ್ ಎಷ್ಟು ಉಳಿದಿದೆ ಎಂಬುದು. ದಿನಕ್ಕೆ 1.5 ಜಿಬಿ, 2 ಜಿಬಿ ಎಂದು ಕೊಡುವ ಪ್ಲಾನ್‌ಗಳಲ್ಲಿ ಆ ದಿನದ ಪಾಲು ಮುಗಿದ ಮೇಲೆ ನೆಟ್ ಆಮೆ ನಡಿಗೆಗೆ ಇಳಿಯುತ್ತದೆ. ಮತ್ತೆ ಹೊಸ ಪಾಲು ಸಿಗುವುದು ರಾತ್ರಿ 12ರ ನಂತರ. ಹಾಗಂತ ಉಳಿಸಿದರೆ ನಾಳೆಗೆ ಬರುತ್ತದಾ? ಬಹುತೇಕ ಪ್ಲಾನ್‌ಗಳಲ್ಲಿ ಇಲ್ಲ!

ಮೂರು, ಹಿಂದಿನ ದಿನಗಳಲ್ಲಿ ಎಷ್ಟು ಬಳಸಿದಿರಿ ಎಂಬ ಪಟ್ಟಿ. ಅದು ‘ಯೂಸೇಜ್’ ಎಂಬ ಹೆಸರಿನಲ್ಲಿರುತ್ತದೆ. ದುಡ್ಡು ಉಳಿಸುವ ಗುಟ್ಟಿರುವುದು ಇಲ್ಲೇ.

ಅಮ್ಮನ ನಂಬರೂ ಸೇರಿಸಿ

ಊರಲ್ಲಿರುವ ಅಮ್ಮ, ಅತ್ತೆಯ ನಂಬರನ್ನೂ ನಿಮ್ಮ ಆಪ್‌ಗೇ ಸೇರಿಸಿಕೊಳ್ಳಬಹುದು. ಅದೇ ಕಂಪನಿಯ ಸಿಮ್ ಆಗಿರಬೇಕು ಅಷ್ಟೇ. ಬೇರೆ ಕಂಪನಿಯದಾದರೆ ಆ ಕಂಪನಿಯ ಆಪ್ ಹಾಕಿಕೊಳ್ಳಿ. ನಂಬರ್ ಸೇರಿಸುವಾಗ ಒಟಿಪಿ ಹೋಗುವುದು ಅವರ ಫೋನಿಗೆ. ಅವರು ಓದಿ ಹೇಳಬೇಕು.

ಇಲ್ಲೊಂದು ಎಚ್ಚರಿಕೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ನಾವೇ ಅವರಿಗೆ ಪಾಠ ಮಾಡಿರುತ್ತೇವೆ. ಈಗ ನಾವೇ ಕೇಳಿದರೆ? ಆದ್ದರಿಂದ ಊರಿಗೆ ಹೋದಾಗ ಎದುರಿಗೇ ಕೂತು ಈ ಕೆಲಸ ಮುಗಿಸಿ. ‘ನನ್ನ ಹೆಸರು ಹೇಳಿಕೊಂಡು ಯಾರೇ ಫೋನ್ ಮಾಡಿ ಕೇಳಿದ್ರೂ ಕೊಡಬೇಡಿ’ ಅಂತ ಮತ್ತೊಮ್ಮೆ ಹೇಳಿ ಬನ್ನಿ.

ನೆಟ್ ನುಂಗುವವರು ಯಾರು?

‘ನಾನು ಏನೂ ನೋಡೇ ಇಲ್ಲ, ಮಧ್ಯಾಹ್ನಕ್ಕೇ ನೆಟ್ ಖಾಲಿ’ ಎನ್ನುವವರು ಬಹಳ ಮಂದಿ. ಕಳ್ಳ ಮನೆಯೊಳಗೇ ಇರುತ್ತಾನೆ! ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ‘ಡೇಟಾ ಯೂಸೇಜ್’ ಎಂದು ಹುಡುಕಿ. ಯಾವ ಆಪ್ ಎಷ್ಟು ತಿಂದಿದೆ ಎಂದು ಸಾಲಾಗಿ ತೋರಿಸುತ್ತದೆ. ಇಷ್ಟು ದಾಟಿದರೆ ಎಚ್ಚರಿಸು ಎಂದು ಅಲ್ಲೇ ಮಿತಿಯನ್ನೂ ಇಡಬಹುದು. ಫೋನಿನ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ನಡೆಯುವುದು ಕಂಪನಿಯದೇ.

* ವಾಟ್ಸ್ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ಗೆ ಹೋಗಿ, ಫೋಟೊ–ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಗುಡ್ ಮಾರ್ನಿಂಗ್ ಹೂವುಗಳ ಕಾಟವೂ ತಪ್ಪುತ್ತದೆ!

* ಯೂಟ್ಯೂಬ್‌ನಲ್ಲಿ ವಿಡಿಯೊ ಗುಣಮಟ್ಟ ಕಡಿಮೆ ಮಾಡಿ. ಅಡುಗೆ ನೋಡಲು ಎಚ್‌ಡಿ ಬೇಕಿಲ್ಲ. ಒಂದು ಮುಗಿದೊಡನೆ ಇನ್ನೊಂದು ಶುರುವಾಗುವ ‘ಆಟೋಪ್ಲೇ’ ಆಫ್ ಮಾಡಿ.

* ಪ್ಲೇ ಸ್ಟೋರ್‌ನಲ್ಲಿ ಆಪ್‌ಗಳ ಅಪ್‌ಡೇಟ್ ವೈಫೈ ಇದ್ದಾಗ ಮಾತ್ರ ಆಗುವಂತೆ ಇಡಿ.

* ಮಕ್ಕಳು ನಿಮ್ಮ ಫೋನಿನ ಹಾಟ್‌ಸ್ಪಾಟ್ ಬಳಸುತ್ತಾರಾ ನೋಡಿ.

ಒಂದು ವಾರ ನೋಡಿ, ಆಮೇಲೆ ಪ್ಲಾನ್

ಅತ್ತೆಗೆ ನಾವು ಹಾಕಿಸುತ್ತಿದ್ದದ್ದು ದಿನಕ್ಕೆ 1.5 ಜಿಬಿಯ ಪ್ಲಾನ್. ‘ಅವರಿಗೇಕೆ ನೆಟ್? ಬರೀ ಕರೆಯ ಪ್ಲಾನ್ ಸಾಕು’ ಎಂಬುದು ನನ್ನ ತೀರ್ಮಾನವಾಗಿತ್ತು. ಒಂದು ವಾರದ ಪಟ್ಟಿ ನೋಡಿದೆ. ಏಳೂ ದಿನ ಸೇರಿಸಿದರೆ ಅರ್ಧ ಜಿಬಿ ದಾಟಿರಲಿಲ್ಲ ನಿಜ. ಆದರೆ ಅಷ್ಟೂ ಸಂಜೆ ಮೊಮ್ಮಗಳ ಜೊತೆ ಮಾಡುವ ವಿಡಿಯೊ ಕಾಲ್! ಅದನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು? ಹಾಗಾಗಿ ದಿನದ ಲೆಕ್ಕದ್ದು ಬಿಟ್ಟು, ತಿಂಗಳಿಗೆಲ್ಲಾ ಸೇರಿ ಇಷ್ಟು ಜಿಬಿ ಎಂದು ಕೊಡುವ ಚಿಕ್ಕ ಪ್ಲಾನ್ ಹಾಕಿಸಿದೆವು. ಊಹೆಯ ಮೇಲೆ ಹೋಗಿದ್ದರೆ ಅವರ ಸಂಜೆಯನ್ನೇ ಕೆಡಿಸುತ್ತಿದ್ದೆ.

28 ದಿನದ ಪ್ಲಾನ್ ಎಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಂದಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೂ 3,600 ಅಲ್ಲ, 3,900 ರೂಪಾಯಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲಂತೂ ಈ ಲೆಕ್ಕ ಇನ್ನೂ ಮುಖ್ಯ. ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುವ ಇನ್ನೊಂದು ಪ್ಲಾನ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರಲ್ಲೇ ಹೇಳಿದೆ. ನೆಟ್ ಬೇಡದವರಿಗಾಗಿ ಬರೀ ಕರೆ–ಎಸ್ಎಂಎಸ್ ಪ್ಲಾನ್ ಇರಬೇಕೆಂದು 2024ರ ಡಿಸೆಂಬರ್‌ನಲ್ಲಿ ನಿಯಮ ಬಂತು. ಆಪ್‌ನಲ್ಲಿ ಮೊದಲು ಕಾಣುವುದು ದೊಡ್ಡ ಪ್ಲಾನ್‌ಗಳೇ. ಇವನ್ನು ಕೆಳಗೆ ಜಾರಿಸಿ ಹುಡುಕಬೇಕು. ನೆನಪಿಡಿ, ಬರೀ ಕರೆಯ ಪ್ಲಾನ್‌ನಲ್ಲಿ ವೈಫೈ ಇಲ್ಲದ ಕಡೆ ವಾಟ್ಸ್ಆಪ್ ನಡೆಯದು.

ಇವೂ ನೆನಪಿರಲಿ

* ರೀಚಾರ್ಜ್ ಇಲ್ಲದಿದ್ದರೂ ತುರ್ತು ಕರೆ 112ಕ್ಕೆ ಹೋಗುತ್ತದೆ. ಹಿರಿಯರಿಗೆ ಇದನ್ನು ತಪ್ಪದೇ ಹೇಳಿಕೊಡಿ.

* ಪ್ಲಾನ್ ಬಗ್ಗೆ ದೂರಿದ್ದರೆ ನಿಮ್ಮ ಫೋನಿನಿಂದಲೇ 198ಕ್ಕೆ ಕರೆ ಮಾಡಿ.

* ರೀಚಾರ್ಜ್ ಹೆಸರಲ್ಲಿ ಯಾರಾದರೂ ಹಣ ಲಪಟಾಯಿಸಿದರೆ ತಡ ಮಾಡದೆ 1930ಕ್ಕೆ ತಿಳಿಸಿ.

ಈಗ ನಮ್ಮತ್ತೆ ತಾವೇ ಆಪ್ ತೆರೆದು ತಾರೀಕು ನೋಡುತ್ತಾರೆ. ಮೊನ್ನೆ ಫೋನ್ ಮಾಡಿ, ‘ಇನ್ನೂ ಹನ್ನೊಂದು ದಿನ ಐತೆ ಕಣಮ್ಮ, ಅವನಿಗೆ ಹೇಳು, ಈ ಸಲ ಮರೀಬಾರ್ದು’ ಅಂದರು. ಮಾತ್ರೆ ಎಷ್ಟು ಉಳಿದಿದೆ ಅಂತಾನೂ ಅದೇ ಉಸಿರಿನಲ್ಲಿ ಹೇಳಿದರು.

ಇವತ್ತು ಮಧ್ಯಾಹ್ನ ಧಾರಾವಾಹಿ ಶುರುವಾಗುವ ಮುಂಚೆ ಹತ್ತು ನಿಮಿಷ ನಿಮ್ಮ ಮೊಬೈಲ್ ಲೆಕ್ಕಕ್ಕೆ ಕೊಡಿ. ಹಾಗೇ ಅಮ್ಮನಿಗೊಂದು ಫೋನ್ ಮಾಡಿ, ಅವರ ವ್ಯಾಲಿಡಿಟಿ ಎಂದು ಮುಗಿಯುತ್ತದೆ ಕೇಳಿ. ಏನಂತೀರಿ?