ಹೆಸರಿಗೆ ಕುದುರೆ ಪಡೆ, ನಡೆದದ್ದು ಕಾಲಲ್ಲಿ!

ಡ್ರೈವರ್ ಕೆಲಸ ಅಂತ ಕರೆದು, ಖಾಕಿ ಹೊಲಿಸಿಕೊಟ್ಟು, ಬಸ್ ಮಾತ್ರ ಕೊಡದೆ 'ನಡೆದುಕೊಂಡೇ ರೂಟ್ ಮುಗಿಸಿ ಬಾಪ್ಪ' ಅಂದರೆ ಹೇಗಿರುತ್ತೆ? ನಗು ಬರುತ್ತೆ ಅಲ್ವೆ? ಆದರೆ ಸಾವಿರದಷ್ಟು ಜನಕ್ಕೆ ಒಂದು ಸರಕಾರ ಹೀಗೇ ಮಾಡಿತ್ತು. ದೇಶ ಅಮೆರಿಕ. ಇಸವಿ 1864. ಪಡೆಯ ಹೆಸರು ಐದನೇ ಮ್ಯಾಸಚೂಸೆಟ್ಸ್ ಅಶ್ವದಳ. ಹೆಸರಿನಲ್ಲಿ ಕುದುರೆ ಇತ್ತು, ರಣರಂಗಕ್ಕೆ ಹೊರಟಾಗ ಇರಲಿಲ್ಲ!

ಆಗ ಅಮೆರಿಕದಲ್ಲಿ ಅಂತರ್ಯುದ್ಧ. ದಕ್ಷಿಣದ 11 ರಾಜ್ಯಗಳು ಒಕ್ಕೂಟ ಬಿಟ್ಟು ತಮ್ಮದೇ ಬೇರೆ ಸರಕಾರ ಕಟ್ಟಿಕೊಂಡಿದ್ದವು. ಜಗಳದ ಬೇರು ಗುಲಾಮಗಿರಿ. ಹತ್ತಿ ಹೊಲದಲ್ಲಿ ದುಡಿಯುವ ಕಪ್ಪು ಜನರನ್ನು ದನಕರುವಿನ ಹಾಗೆ ಕೊಳ್ಳುವುದು, ಮಾರುವುದು ಅಲ್ಲಿ ಕಾನೂನಿಗೆ ಒಪ್ಪಿದ ವ್ಯಾಪಾರ. 1860ರ ಜನಗಣತಿ ಪ್ರಕಾರ ಹೀಗೆ ಮಾಲೀಕರ ಕೈಲಿದ್ದವರು 39 ಲಕ್ಷಕ್ಕೂ ಹೆಚ್ಚು.

1863ರ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ದಂಗೆಯೆದ್ದ ರಾಜ್ಯಗಳ ಗುಲಾಮರು ಇನ್ನು ಸ್ವತಂತ್ರರು ಎಂದು ಘೋಷಿಸಿದರು. ಕಪ್ಪು ಜನ ಸೈನ್ಯಕ್ಕೆ ಸೇರಬಹುದು ಅಂತಲೂ ಆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸೇರಿದವರು ಹತ್ತಿರ ಹತ್ತಿರ 1,80,000 ಮಂದಿ!

ಒಂದೇ ಅಂಗಡಿ, ಎರಡು ರೇಟು

ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರ್ಯೂ ಮೊದಲು ಕಪ್ಪು ಜನರ ಎರಡು ಕಾಲ್ದಳ ಕಟ್ಟಿದ. ಆಮೇಲೆ ಕುದುರೆ ಪಡೆಯೂ ಬೇಕು ಎಂದ. 1864ರ ಜನವರಿಯಲ್ಲಿ ಬಾಸ್ಟನ್ ಪಕ್ಕದ ರೆಡ್‌ವಿಲ್‌ನಲ್ಲಿ ಭರ್ತಿ ಶುರುವಾಯಿತು. ಸೇರಿದವರಲ್ಲಿ ಹುಟ್ಟಾ ಸ್ವತಂತ್ರರಿದ್ದರು, ಗುಲಾಮಗಿರಿ ಕಂಡುಂಡವರೂ ಇದ್ದರು. ಗುಲಾಮಗಿರಿಯಿಂದ ಓಡಿಬಂದು ದೇಶಕ್ಕೇ ಹೆಸರಾದ ಭಾಷಣಕಾರ ಫ್ರೆಡರಿಕ್ ಡಗ್ಲಾಸ್ ಅವರ ಮಗ ಚಾರ್ಲ್ಸ್ ಕೂಡ ಈ ಪಡೆಯಲ್ಲಿ ಸಾರ್ಜೆಂಟ್. ಆದರೆ ಹುಕುಂ ಕೊಡುವ ಅಧಿಕಾರಿಗಳೆಲ್ಲ ಬಿಳಿಯರೇ. ಕರ್ನಲ್ ಹೆನ್ರಿ ರಸೆಲ್ ದಳದ ಮುಖ್ಯಸ್ಥ.

ಪಗಾರದ ಲೆಕ್ಕ ಕೇಳಿ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10. ಅದರಲ್ಲೂ ಬಟ್ಟೆಗೆ ಅಂತ 3 ಡಾಲರ್ ಮುರಿದುಕೊಂಡು ಕೈಗೆ 7! ಗುಂಡು ತಗುಲಿದರೆ ಸಾವು ಇಬ್ಬರಿಗೂ ಒಂದೇ, ಸಂಬಳ ಮಾತ್ರ ಬೇರೆ. ಅದೇ ರಾಜ್ಯದ 54ನೇ ಕಾಲ್ದಳದವರಂತೂ ಕೊಟ್ಟರೆ ಪೂರ್ತಿ ಕೊಡಿ, ಇಲ್ಲವೇ ಬೇಡ ಅಂತ ವರ್ಷಕ್ಕೂ ಮೇಲ್ಪಟ್ಟು ಪಗಾರವನ್ನೇ ಮುಟ್ಟಲಿಲ್ಲ.

ಕುದುರೆ ಎಲ್ಲಿ ಸ್ವಾಮಿ?

1864ರ ಮೇ ತಿಂಗಳಲ್ಲಿ ಪಡೆ ವಾಷಿಂಗ್ಟನ್ನಿಗೆ ಹೊರಟಿತು. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಕುದುರೆ ಸದ್ಯಕ್ಕಿಲ್ಲ! ಕೈಗೆ ಕಾಲಾಳುಗಳ ಬಂದೂಕು ಬಂತು. ಕಲಿತದ್ದು ಸವಾರರ ಕವಾಯತು, ಮಾಡಬೇಕಾದ್ದು ಪದಾತಿಯ ಕೆಲಸ. ಹಾಗೇ ವರ್ಜೀನಿಯಾದ ರಣರಂಗಕ್ಕೆ ಸಾಗಹಾಕಿದರು.

ಜೂನ್ 15ರಂದು ಪೀಟರ್ಸ್‌ಬರ್ಗ್ ಪಟ್ಟಣದ ಹತ್ತಿರ ಬೇಲರ್ ಎಂಬವರ ತೋಟದಲ್ಲಿ ಮೊದಲ ಕಾಳಗ. ಎದುರಿಗೆ ದಕ್ಷಿಣದವರ ಫಿರಂಗಿ. ಅಭ್ಯಾಸವಿಲ್ಲದ ಕಾಲ್ನಡೆಯ ವ್ಯೂಹ, ದಳ ತಡವರಿಸಿತು. ಅಧಿಕಾರಿಗಳ ವರದಿಯಲ್ಲೂ ಆ ಮಾತು ಬಂತು. ಆದರೂ ಕಪ್ಪು ಸಿಪಾಯಿಗಳ ತುಕಡಿ ನುಗ್ಗಿ ಶತ್ರುವನ್ನು ಅಟ್ಟಿತು, ಒಂದು ಫಿರಂಗಿಯನ್ನೂ ಕಿತ್ತುಕೊಂಡಿತು. ಕರ್ನಲ್ ರಸೆಲ್‌ಗೂ ಗಾಯವಾಯಿತು.

ಕಾಕತಾಳೀಯ ನೋಡಿ. ಇವರು ಗುಂಡಿಗೆ ಎದೆಯೊಡ್ಡಿದ ಅದೇ ಜೂನ್ 15ರಂದೇ ವಾಷಿಂಗ್ಟನ್ನಿನಲ್ಲಿ ಸಮಾನ ಪಗಾರದ ಕಾನೂನು ಬಂತು. 1864ರ ಜನವರಿ 1ರಿಂದಲೇ ಲೆಕ್ಕ ಹಾಕಿ ಕೊಡಬೇಕು ಅಂತ ತೀರ್ಮಾನ. ಪಗಾರವೇನೋ ಸರಿಹೋಯಿತು. ಕುದುರೆ?

ಅದು ಇನ್ನೂ ಬರಲಿಲ್ಲ. ಜೂನ್ ಕೊನೆಗೆ ಪಡೆಯನ್ನು ಮೇರಿಲ್ಯಾಂಡಿನ ಪಾಯಿಂಟ್ ಲುಕ್‌ಔಟ್‌ಗೆ ಕಳಿಸಿದರು. ಪೊಟೋಮ್ಯಾಕ್ ನದಿ ಕೊಲ್ಲಿಗೆ ಸೇರುವ ಮರಳು ಮೂಲೆ, ಅಲ್ಲಿ ದಕ್ಷಿಣದ ಯುದ್ಧಕೈದಿಗಳ ದೊಡ್ಡ ಶಿಬಿರ. ಇವರ ಕೆಲಸ ಕಾವಲು. ಗುಲಾಮರನ್ನು ಇಟ್ಟುಕೊಳ್ಳಲು ಹೋರಾಡಿದವರು ಬೇಲಿಯ ಒಳಗೆ, ಕಪ್ಪು ಸಿಪಾಯಿ ಬಂದೂಕು ಹಿಡಿದು ಹೊರಗೆ! ಕಾಲಚಕ್ರ ತಿರುಗಿದ್ದೇನೋ ನಿಜ. ಆದರೆ ರಾವುತ ಅಂತ ಹೆಸರು ಬರೆಸಿದವನಿಗೆ ತಿಂಗಳುಗಟ್ಟಲೆ ಪಹರೆ ಕೆಲಸವೇ ಗತಿಯಾಯಿತು.

ಪಡೆಗೆ ಹೊಸದಾಗಿ ಬಂದ ಅಧಿಕಾರಿ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್. ಮುತ್ತಾತ, ತಾತ ಇಬ್ಬರೂ ದೇಶದ ಅಧ್ಯಕ್ಷರಾಗಿದ್ದ ಮನೆತನ. ಈತ ಮೇಲಿನವರ ಬೆನ್ನು ಹತ್ತಿದ. ದೊಡ್ಡವರ ಮನೆ ಹುಡುಗ ಕೇಳಿದರೆ ಕಡತ ಓಡುತ್ತೆ, ಅದು ಎಲ್ಲ ಊರಿನ ಕಥೆ. ಅಂತೂ ಇಂತೂ ಕುದುರೆ ಬಂತು!

ಉರಿಯುವ ರಾಜಧಾನಿಗೆ ಸವಾರಿ

1865ರ ಏಪ್ರಿಲ್ 2ರ ರಾತ್ರಿ ದಕ್ಷಿಣದವರು ತಮ್ಮ ರಾಜಧಾನಿ ರಿಚ್ಮಂಡ್ ಬಿಟ್ಟು ಓಡಿದರು. ಹೋಗುವಾಗ ಗೋದಾಮುಗಳಿಗೆ ಬೆಂಕಿ ಇಟ್ಟರು, ಬೆಂಕಿ ಪೇಟೆಗೂ ಹಬ್ಬಿತು. ಮರುದಿನ ಬೆಳಿಗ್ಗೆ ಆ ಊರೊಳಗೆ ಮೊದಮೊದಲು ಕಾಲಿಟ್ಟ ಉತ್ತರದ ಪಡೆಗಳಲ್ಲಿ ಇವರೂ ಇದ್ದರು. ಈ ಸಲ ನಡೆದುಕೊಂಡಲ್ಲ, ಕುದುರೆ ಏರಿ! ಗುಲಾಮರ ಸಂತೆಗೆ ಹೆಸರಾಗಿದ್ದ ಊರು ಅದು. ನಿನ್ನೆವರೆಗೆ ಅಲ್ಲಿ ಗುಲಾಮರಾಗಿದ್ದ ಜನ ಬೀದಿಗೆ ಬಂದು ಕುಣಿದಾಡಿದರು. ತಮ್ಮದೇ ಬಣ್ಣದ ಸಿಪಾಯಿಯನ್ನು ಜೀನಿನ ಮೇಲೆ ಕಂಡರೆ ಕುಣಿಯದೆ ಇರುತ್ತಾರೆಯೇ! ಸೈನ್ಯದಲ್ಲಿ ತಾನು ಎಲ್ಲಕ್ಕಿಂತ ಹೆಚ್ಚು ಬಯಸಿದ್ದು ಈ ಗಳಿಗೆಯನ್ನೇ ಎಂದು ಆಡಮ್ಸ್ ಅಪ್ಪನಿಗೆ ಕಾಗದ ಬರೆದ. ಮಾರನೇ ದಿನ ಲಿಂಕನ್ ಅವರೇ ಆ ಊರಿಗೆ ಬಂದರು. ಏಪ್ರಿಲ್ 9ಕ್ಕೆ ದಕ್ಷಿಣದ ಸೇನಾಪತಿ ಲೀ ಶರಣಾದ.

ಯುದ್ಧ ಮುಗಿದರೂ ಇವರಿಗೆ ಮನೆಗೆ ಹೋಗಲು ರಜಾ ಇಲ್ಲ. ಹಡಗು ಹತ್ತಿಸಿ ದೂರದ ಟೆಕ್ಸಾಸ್ ಗಡಿಗೆ ಕಳಿಸಿದರು. ಅಕ್ಟೋಬರ್ 31ಕ್ಕೆ ಅಲ್ಲೇ ಪಡೆ ವಿಸರ್ಜನೆಯಾಯಿತು.

ಕೊನೆಗೆ ಒಂದು ಲೆಕ್ಕ. ಈ ಪಡೆಯಲ್ಲಿ ಶತ್ರುವಿನ ಗುಂಡಿಗೆ ಸತ್ತವರು 7 ಜನ. ಕಾಯಿಲೆಯಿಂದ ಸತ್ತವರು 116. ಎರಡು ವರ್ಷವೂ ತುಂಬದ ನೌಕರಿಯಲ್ಲಿ ಒಟ್ಟು 123 ಹೆಣ. ರಿಚ್ಮಂಡ್ ಬೀದಿಯ ಆ ಸವಾರಿ ನೋಡಲು ಇವರಲ್ಲಿ ಎಷ್ಟೋ ಜನ ಉಳಿದಿರಲಿಲ್ಲ.